ಆಂಟೆನಾ ಆದ ಅಜ್ಜಿ

ನನ್ನ ಮೊಮ್ಮಗಳು ವಿದ್ಯಾ ಟಿ.ವಿ.ಯಲ್ಲಿ ಹಾಡಿದಳು! ಹೌದು, ಸರ್ಕಾರಿ ಟಿ.ವಿ.ಯ ಮಕ್ಕಳ ಕಾರ್ಯಕ್ರಮದಲ್ಲಿ! ಧಾರವಾಡದ ಕಡೆಯಿಂದ ಬಂದವಳು ನಾನು, ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ನನ್ನ ಮನೆಯ ಕೂಸು ಮುಂಬೈಯೆಲ್ಲ ನೋಡುವಂತೆ ಹಾಡುವುದೆಂದರೆ ಸಾಮಾನ್ಯವೇ?

ರೆಕಾರ್ಡಿಂಗ್ ಮೊದಲೇ ಮುಗಿದಿತ್ತು. ರವಿವಾರ ಸಂಜೆ ಒಂದೇ ಒಂದು ಸಲ ತೋರಿಸುವವರಿದ್ದರು. ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಮನೆಮನೆಗೂ ಹೋಗಿ, "ನಮ್ಮಲ್ಲೇ ಬರ್ರಿ, ನಮ್ಮದು ಕೇಬಲ್ಲು!" ಎಂದು ಆಮಂತ್ರಣ ಕೊಟ್ಟು ಬಂದೆ. ಕೇಬಲ್ ಬಂದ ದಿನವೇ ಗಚ್ಚಿಯ ಮೇಲಿನ ಆಂಟೆನಾ ಇಳಿಸಿದ್ದವಳೂ ನಾನೇ. ಅದರ ಕಂಬ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಪಾಲಾಗಿತ್ತು. ಕಡ್ಡಿಗಳ ಮೇಲೆ ಬಾಲ್ಕನಿಯಲ್ಲಿ ಶಾವಿಗೆ ಒಣಗುತ್ತಿತ್ತು.

ರವಿವಾರ ಮನೆ ತುಂಬಿತು. ಮಗ ಶೇಖರ ಟಿ.ವಿ. ಹಚ್ಚಿದ. ಮಕ್ಕಳೆಲ್ಲಿ? ಹೀರೋ ಒಬ್ಬ ಹತ್ತು ಜನರನ್ನು ಚಚ್ಚುತ್ತಿದ್ದ!

ಕೆಳಗಿನ ಕೋಣೆಯಲ್ಲಿದ್ದ ಕೇಬಲ್‌ವಾಲಾನ ಹತ್ತಿರ ಓಡಿದೆ.

"ಮಾಜೀ, ಸಬ್ ಕೋ ಪಿಕ್ಚರ್ ಮಾಂಗ್ತಾ ಹೈ. ಸರ್ಕಾರಿ ಚಾನೆಲ್ ಆಜ್ ಬಂದ್," ಎಂದ. ಎಲ್ಲರಿಗೂ ಸಿನಿಮಾನೇ ಬೇಕಂತೆ!

"ಅದು ಗಾಳಿಯಾಗ ಪುಕ್ಕಟೆ ಬರ್ತೈತೋ! ಬಂದ್ ಮಾಡಾಕ ನೀ ಯಾರು?"

"ವೈರ್ ಮೇರಾ ಹೈ, ಮಾಜೀ."

ವಾದ ಮುಗಿಯಿತು. ವೈರು ಅವನದೇ. ಅದಕ್ಕೆ ಜೋತುಬಿದ್ದವಳು ಮಾತ್ರ ನಾನು!

ಏದುಸಿರು ಬಿಡುತ್ತ ಮೇಲೆ ಬಂದರೆ ಶೇಖರ ಕೇಬಲ್ ಕಿತ್ತಾಗಿತ್ತು. "ಅವ್ವಾ, ಆಂಟೆನಾ ಎಲ್ಲೈತಿ?" ಶಾವಿಗೆ ಸಮೇತ ತಂದು ಒಪ್ಪಿಸಿದೆ. ಪುಣ್ಯಕ್ಕೆ ಹಳೇ ವೈರು ಗಚ್ಚಿಯಿಂದ ನಮ್ಮ ಕಿಟಕಿಯವರೆಗೆ ಇನ್ನೂ ನೇತಾಡುತ್ತಿತ್ತು. ಇಬ್ಬರೂ ಗಚ್ಚಿಗೆ ಹತ್ತಿದೆವು. ಅದನ್ನು ಆಂಟೆನಾಕ್ಕೆ ಜೋಡಿಸಿ, ನನ್ನ ಕೈಗೆ ಕೊಟ್ಟು, ಟಿ.ವಿ. ಸರಿಮಾಡಲು ಅವನು ಕೆಳಗೆ ಓಡಿದ. ಕಂಬವಿಲ್ಲದ ಆಂಟೆನಾಕ್ಕೆ ಎರಡೂ ಕೈ ಮೇಲೆತ್ತಿ ನಿಂತ ನಾನೇ ಕಂಬ!

ನೆರೆಮನೆಯ ಮರಾಠಿ ಜೋಶಿಬಾಯಿ ನಮ್ಮ ಕಿಟಕಿಯಿಂದ ಮೇಲಕ್ಕೆ ಕತ್ತು ಚಾಚಿ ಕೂಗಿದಳು: "ಆಜೀ, ಥೋಡಂ ಡಾವೀಕಡೆ! ಬಸ್ ಬಸ್! ಆಲಂ!"

ತುಸು ಎಡಕ್ಕೆ ತಿರುಗಿಸಿದೆ. ಚಿತ್ರ ಬಂತು! ನಾನೂ ನೋಡೋಣವೆಂದು ಕೈ ಇಳಿಸಿದೆ.

"ಅವ್ವಾ, ಅಲ್ಲಾಡಬ್ಯಾಡ! ಎಲ್ಲಾ ಹೋತು!"

ಮತ್ತೆ ಎತ್ತಿದೆ. ನನ್ನ ಮೊಮ್ಮಗಳನ್ನು ಇಡೀ ಬಿಲ್ಡಿಂಗ್ ನೋಡಿತು, ನನ್ನೊಬ್ಬಳನ್ನು ಬಿಟ್ಟು! ಅಳುವೇ ಬಂತು. ಅದು ಜೋಶಿಬಾಯಿಗೆ ಹೇಗೆ ಗೊತ್ತಾಯಿತೋ. ಒಮ್ಮೆ ಒಳಗೆ ಇಣುಕುವುದು, ಒಮ್ಮೆ ಹೊರಗೆ ಕತ್ತು ಹಾಕಿ ನನಗೆ ಹೇಳುವುದು: "ನಿಳಾ ಫ್ರಾಕ್, ಆಜೀ! ಆತಾ ಗಾತೇಯ್! ಆತಾ ಹಸ್ತೇಯ್!" ಪಾಪ, ತಾನು ಅರ್ಧ ಬಿಟ್ಟು ನನಗೆ ಪೂರ್ತಿ ತೋರಿಸಿದಳು ಆ ತಾಯಿ. ನೀಲಿ ಫ್ರಾಕು, ಹಾಡು, ನಗು, ಎಲ್ಲ ಅವಳ ಬಾಯಲ್ಲೇ ಕಂಡೆ. ಅವಳ ಹೊಟ್ಟೆ ತಣ್ಣಗಿರಲಿ.

ಅಂದು ರಾತ್ರಿ ಜೋಶಿಬಾಯಿಯನ್ನೂ ಕೂರಿಸಿಕೊಂಡು ಮನೆಮಂದಿಯೆಲ್ಲ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ. ತುತ್ತು ಎತ್ತಲು ಹೋದರೆ ನನ್ನ ಎರಡೂ ಕೈ ಮುಷ್ಕರ ಹೂಡಿದ್ದವು! ವಿದ್ಯಾ ಪಕ್ಕಕ್ಕೆ ಸರಿದು ಬಂದಳು.

"ಅಜ್ಜೀ, ಮುಂಹ್ ಖೋಲ್ ನಾ... ಬಾಯಿ ತೆಗಿ. ನಾನೇ ತಿನ್ನಸ್ತೀನಿ."

ತಿನ್ನಿಸುತ್ತ ತಿನ್ನಿಸುತ್ತ ಆ ಹಾಡನ್ನು ನನಗೊಬ್ಬಳಿಗೇ ಮತ್ತೆ ಹಾಡಿದಳು. ಮುಗಿದೊಡನೆ, ದೊಡ್ಡದಾಗಿ ಶಾಬಾಸ್ ಹೇಳಿ ಅಜ್ಜಿಯ ಗತ್ತು ತೋರಿಸಬೇಕೆಂದು ಬಾಯಿ ತೆರೆದೆ.

ಇನ್ನೊಂದು ತುತ್ತು ತುರುಕಿದಳು!