ಸೀಟಿ ಹೊಡೆಯದ ಕುಕ್ಕರಿನಲ್ಲಿ ತಿಳಗೂಳ

ಶ್ರಾವಣಿ, ತನ್ವಿ, ನಿಮ್ಮ ಆಜಿಗೆ, ಅಂದರೆ ಈ ಅಜ್ಜಿಗೆ, ಬೆಲ್ಲದ ಪಾಕ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಗೊತ್ತಿದೆ. ಮಿರಜದ ಹತ್ತಿರದ ನನ್ನ ತವರೂರು ಆರಗದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸುವಷ್ಟರಲ್ಲಿ ನಾನು ಎಳೆಪಾಕ, ಉಂಡೆಪಾಕ, ಗಟ್ಟಿಪಾಕ ಎಲ್ಲವನ್ನೂ ಕಲಿತಿದ್ದೆ. ಶಾಲೆಯಲ್ಲಲ್ಲ, ನಮ್ಮವ್ವನ ಒಲೆಯ ಮುಂದೆ. ಶಾಲೆಯಲ್ಲಿ ಕಲಿತದ್ದರ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ.

ಹೀಗಿದ್ದೂ ತನ್ವಿಯ ಬೋರನ್ಹಾಣದ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ನಾನೇ ಬರೆದಿಡುವುದು ಮೇಲು. ನಿಮ್ಮಪ್ಪ ಹೇಳತೊಡಗಿದರೆ ಪ್ರತಿ ಸಲವೂ ಒಂದೊಂದು ಸುಳ್ಳು ಸೇರುತ್ತದೆ. ನಡೆದದ್ದಕ್ಕೆ ಸುಳ್ಳಿನ ಅಗತ್ಯವೇ ಇಲ್ಲ.

ಬೋರನ್ಹಾಣ ಎಂದರೆ ಮಗುವಿನ ಮೊದಲ ಸಂಕ್ರಮಣದಲ್ಲಿ ಮಾಡುವ ಕಾರ್ಯ. ಮಗುವಿಗೆ ಕಪ್ಪು ಅಂಗಿ ತೊಡಿಸಿ, ಸಕ್ಕರೆ ಕಾಳಿನ ಒಡವೆ ಹಾಕಿ, ಮಣೆಯ ಮೇಲೆ ಕೂರಿಸಿ, ಬೋರೆಹಣ್ಣು, ಚುರಮರಿ, ಕಬ್ಬಿನ ಚೂರು, ಮಿಠಾಯಿ ಎಲ್ಲವನ್ನೂ ಅದರ ತಲೆಯ ಮೇಲೆ ಎರೆಯುತ್ತಾರೆ. ಕೆಳಗೆ ಬಿದ್ದದ್ದನ್ನು ಓಣಿಯ ಮಕ್ಕಳೆಲ್ಲ ಮುಗಿಬಿದ್ದು ಆರಿಸಿಕೊಳ್ಳುತ್ತವೆ. ಶ್ರಾವಣಿ, ನಿನ್ನ ಬೋರನ್ಹಾಣದಲ್ಲಿ ಮೊದಲ ಬೊಗಸೆ ಎರೆದವಳು ನಾನು. ಆಗ ನಿಮ್ಮ ಅಜ್ಜ ಇದ್ದರು. ತನ್ವಿಯ ಹೊತ್ತಿಗೆ ಅವರು ಇರಲಿಲ್ಲ. ಮುತ್ತೈದೆಯರ ಕಾರ್ಯದಲ್ಲಿ ನಾನು ಮುಂದೆ ಬರಬಾರದೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡು ಅಡುಗೆಮನೆಯಲ್ಲಿ ಉಳಿಯುತ್ತಿದ್ದೆ. ಮೊದಲೇ ನಾನು ನಾಲ್ಕು ಜನರ ಮುಂದೆ ನಿಲ್ಲಲು ನಾಚುವವಳು. ಆದರೆ ಆಸೆ ಎಂಬುದು ನಾಚುವುದಿಲ್ಲ. ನನ್ನ ಕೈ ತಲುಪದಿದ್ದರೂ ಆಗಲಿ, ನನ್ನ ಕೈಯ ಮಿಠಾಯಿಯಾದರೂ ತನ್ವಿಯ ತಲೆಯ ಮೇಲೆ ಬೀಳಲಿ ಎಂದು ಆಸೆ.

ಆದ್ದರಿಂದ ನಿಮ್ಮ ತಾಯಿ ಸ್ನೇಹಾ "ಮಿಠಾಯಿ ಪ್ಯಾಟ್ಯಾಗಿಂದ ತರೂಣ" ಎಂದಾಗ ನಾನು ತಟ್ಟನೆ ಬಾಯಿ ಹಾಕಿದೆ.

"ಬ್ಯಾಡವಾ. ಎಳ್ಳು ಬೆಲ್ಲದ ತಿಳಗೂಳ ನಾ ಮಾಡತೇನಿ."

"ಅತ್ಯಾರ, ನಿಮ್ಮ ಕೈ ನೋಯ್ತಾವು. ಪಾಕ ತಿರುವಿಕೋತ ಎಷ್ಟೊತ್ತು ನಿಂದರತೀರಿ?"

ಆಗ ಶ್ರಾವಣಿ, ನೀನು ಮೊಬೈಲಿನಿಂದ ತಲೆಯೆತ್ತಿ ನನ್ನ ಜೀವನವನ್ನು ಬದಲಿಸಿದೆ. "ಆಜಿ, ಸ್ಲೋ ಕುಕ್ಕರ್ ಐತಿ ನಾ. ಖೂಪ ಸೋಪಂ ಐತಿ" ಎಂದೆ. ಖೂಪ ಸೋಪಂ ಎಂದರೆ ಬಹಳ ಸುಲಭ. ಈ ಶಬ್ದ ಕೇಳಿದಾಗ ಎದ್ದು ಓಡಬೇಕೆಂದು ನನಗೆ ಆಗ ತಿಳಿದಿರಲಿಲ್ಲ.

ಆ ಕುಕ್ಕರನ್ನು ಸ್ನೇಹಾಳ ತಂಗಿ ಪುಣೆಯಿಂದ ತಂದುಕೊಟ್ಟಿದ್ದಳು. ಒಳಗೆ ಪಿಂಗಾಣಿಯ ದಪ್ಪ ಪಾತ್ರೆ, ಹೊರಗೆ ಕರೆಂಟಿನ ಡಬ್ಬಿ, ಮೇಲೆ ಗಾಜಿನ ಮುಚ್ಚಳ. ಬಂದಾಗಿನಿಂದ ಕಪಾಟಿನ ಮೇಲೆ ಕುಳಿತೇ ಇತ್ತು. ನೀನು ತೋರಿಸಿದ ವಿಡಿಯೋದಲ್ಲಿ ಯಾವುದೋ ದೇಶದ ಹೆಂಗಸು ನಾತಾಳದ, ಅಂದರೆ ಕ್ರಿಸ್‌ಮಸ್ ಹಬ್ಬದ, ಮಿಠಾಯಿ ಮಾಡುತ್ತಿದ್ದಳು. ಶೇಂಗಾ ಹಾಕಿದಳು, ಚಾಕಲೇಟು ಹಾಕಿದಳು, ಮುಚ್ಚಳ ಮುಚ್ಚಿದಳು, ಕೈ ಒರೆಸಿಕೊಂಡು ಹೊರಟೇಹೋದಳು. ತಿರುಗಿ ಬಂದಾಗ ಸೀರೆ, ಅಂದರೆ ಫ್ರಾಕು, ಬದಲಾಗಿತ್ತು, ಮಿಠಾಯಿ ತಯಾರಾಗಿತ್ತು. "ನಡುವ ಮುಚ್ಚಳಾ ತಗೀಬಾರದು ಅಂತ" ಎಂದು ನೀನು ನನಗೆ ಅರ್ಥ ಹೇಳಿದೆ.

ನಾನು ಗಂಭೀರವಾಗಿ ವಿಚಾರ ಮಾಡಿದೆ. ಚಾಕಲೇಟು ಕರಗುತ್ತದೆ. ಬೆಲ್ಲವೂ ಕರಗುತ್ತದೆ. ಅವಳದೂ ಶೇಂಗಾ, ನಮ್ಮದೂ ಶೇಂಗಾ. ಅಂದಮೇಲೆ ಅವಳಿಗೂ ನನಗೂ ಫ್ರಾಕು ಒಂದೇ ವ್ಯತ್ಯಾಸ. ಚಾಕಲೇಟು ಕರಗಿದರೆ ಸಾಕು, ಬೆಲ್ಲ ಕರಗಿದ ಮೇಲೆ ಕುದಿದು ಪಾಕಕ್ಕೆ ಬರಬೇಕು ಎಂಬುದು ಆರಗದ ಸಣ್ಣ ಹುಡುಗಿಗೂ ಗೊತ್ತು. ಆ ಸಣ್ಣ ಹುಡುಗಿಯೇ ನಾನು. ಆದರೆ ಹೊಳೆಯುವ ಯಂತ್ರದ ಮುಂದೆ ನಿಂತ ಕೂಡಲೇ ನಮ್ಮವ್ವ ಕಲಿಸಿದ್ದೆಲ್ಲ ಹಿಂದಿನ ಬಾಗಿಲಿನಿಂದ ಹೊರಟುಹೋಯಿತು.

ಕಾರ್ಯದ ಹಿಂದಿನ ದಿನ ಎಲ್ಲರೂ ಹೊರಗೆ ಹೋದ ಮೇಲೆ ನಾನು ಎಳ್ಳು, ಶೇಂಗಾ, ಬೆಲ್ಲ, ತುಪ್ಪ ಹಾಕಿದೆ. ಹೊಸ ಯಂತ್ರದ ತಳ ಹತ್ತಬಾರದೆಂದು ಒಂದು ಲೋಟ ನೀರನ್ನೂ ಹಾಕಿದೆ. ಬಟನ್ ಒತ್ತಿ, ಆ ಹೆಂಗಸಿನಂತೆಯೇ ಕೈ ಒರೆಸಿಕೊಂಡು, ತನ್ವಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ.

ಕುಳಿತು ಏನು ಮಾಡಿದೆ? ಸೀಟಿಗಾಗಿ ಕಾದೆ.

ಕುಕ್ಕರ್ ಅಂದಮೇಲೆ ಸೀಟಿ ಹೊಡೆಯಬೇಕಲ್ಲ. ಮೂರು ಸೀಟಿ ಆದ ಮೇಲೆ ಇಳಿಸೋಣ ಎಂದುಕೊಂಡಿದ್ದೆ. ತನ್ವಿ ಹಾಲು ಕುಡಿದಳು, ಮಲಗಿದಳು, ಎದ್ದಳು, ಮತ್ತೆ ಹಾಲು ಕುಡಿದಳು. ಸೀಟಿಯಿಲ್ಲ. ಕೊನೆಗೆ ನಿಮ್ಮಪ್ಪ ಮಹೇಶನಿಗೆ ಫೋನ್ ಮಾಡಿದೆ.

"ಮಹೇಶಾ, ಕುಕ್ಕರ್ ಸೀಟಿ ಹೊಡ್ಯಾಕ ಒಲ್ಲದು."

"ಯಾವ ಕುಕ್ಕರ್?"

"ನಿನ್ನ ನಾದಿನೀದು."

ಆಚೆ ಕಡೆ ನಗು ನುಂಗುವ ಸದ್ದು ಮಾತ್ರ. "ಅವ್ವಾ, ಅದಕ್ಕ ಸೀಟೀನ ಇಲ್ಲ. ಮುಚ್ಚಳಾ ತಗದು ನೋಡು."

ತೆಗೆದೆ. ಮುಚ್ಚಳಕ್ಕೆ ಕಟ್ಟಿದ್ದ ನೀರೆಲ್ಲ ಧಾರಾಳವಾಗಿ ಪಾತ್ರೆಯೊಳಗೆ ಸುರಿಯಿತು. ಒಳಗೆ ಕಂದು ಬಣ್ಣದ ನೀರು, ಅದರಲ್ಲಿ ಈಜಾಡುತ್ತಿದ್ದ ಎಳ್ಳು, ಮುಳುಗಿ ಕುಳಿತ ಶೇಂಗಾ. ಅಷ್ಟರಲ್ಲಿ ಎದುರು ಮನೆಯ ಇಂದುತಾಯಿ ಮೊಸರಿನ ಹೆಪ್ಪು ಕೇಳಲು ಬಂದರು. ಅವರು ವಯಸ್ಸಿನಲ್ಲಿ ನನ್ನ ಸರಿಕರು. ಸಲಹೆಯಲ್ಲಿ ನನಗಿಂತ ಬಹಳ ಹಿರಿಯರು.

"ಅಗಬಾಯಿ, ಪಾರಕ್ಕಾ, ಇದೇನ್ರಿ? ಎಳ್ಳಿನ ಸಾರ ಮಾಡೀರೇನು?"

"ತಿಳಗೂಳ ರೀ."

"ತಿಳಗೂಳ? ಹಂಗಾರ ವಾಟಿ ಚಮಚಾ ತಗೊಂಡು ಬರಬೇಕೇನ್ರಿ ನಾಳೆ?" ಎಂದು ಕೇಳಿ, ಸೌಟಿನಿಂದ ಎತ್ತಿ ಸುರಿದು ನೋಡಿ, ತೀರ್ಪು ಕೊಟ್ಟರು. "ತೆಳ್ಳಗಾಗೇತಿ. ಪುಟಾಣಿ ಹಿಟ್ಟು ಹಾಕ್ರಿ."

ಹಾಕಿದೆ. ಸಾರು ಹೋಗಿ ಹಿಟ್ಟಿನ ಮುದ್ದೆಯಂಥ ಝುಣಕವಾಯಿತು. ಸಿಹಿ ಕಡಿಮೆಯಾಯಿತೆಂದು ಇನ್ನಷ್ಟು ಬೆಲ್ಲ ಹಾಕಿದೆ. ಡಬ್ಬಿಯಲ್ಲಿದ್ದದ್ದು ಮೆತ್ತನೆಯ ಬೆಲ್ಲವಲ್ಲ, ಕಲ್ಲಿನಂತೆ ಗಟ್ಟಿಯಾಗುವ ಚಿಕ್ಕಿಯ ಬೆಲ್ಲ ಎಂಬುದನ್ನು ನೋಡಲಿಲ್ಲ. ಇಂದುತಾಯಿ "ಇನ್ನ ಯಂತ್ರದ ಸಾವಾಸ ಬ್ಯಾಡ್ರಿ, ಗ್ಯಾಸಿನ ಮ್ಯಾಲೆ ಇಡ್ರಿ" ಎಂದು ಹೇಳಿ, ಹೆಪ್ಪು ಮರೆತು, ಹೊರಟುಹೋದರು. ಎಲ್ಲವನ್ನೂ ಕಡಾಯಿಗೆ ಸುರಿದು ದೊಡ್ಡ ಉರಿ ಇಟ್ಟೆ.

ಆಗ ಅದಕ್ಕೆ ಜೀವ ಬಂತು. ಕೊತಕೊತ ಕುದಿದು, ಎಳೆಪಾಕ ದಾಟಿ, ಉಂಡೆಪಾಕ ದಾಟಿ, ನಮ್ಮವ್ವ ಹೆಸರಿಡದ ಯಾವುದೋ ಪಾಕಕ್ಕೆ ಹೊರಟಿತು. ಅಷ್ಟರಲ್ಲಿ ತನ್ವಿ ಅತ್ತಳು. ಬಿಸಿಯಾಗಿರಲಿ ಎಂದು ಎಲ್ಲವನ್ನೂ ಸೌಟಿನ ಸಮೇತ ಪಿಂಗಾಣಿ ಪಾತ್ರೆಗೆ ಸುರಿದು, ಮಗುವಿನ ಕಡೆಗೆ ಓಡಿದೆ. ಬಟನ್ ಒತ್ತಲು ಮರೆತೆ.

ತಿರುಗಿ ಬಂದಾಗ ಸೌಟು ನೆಟ್ಟಗೆ ನಿಂತಿತ್ತು. ಅಲುಗಾಡಿಸಿದೆ, ಅಲುಗಲಿಲ್ಲ. ಎತ್ತಿದೆ. ಸೌಟಿನ ಜೊತೆಗೆ ಪಾತ್ರೆಯೂ ಎದ್ದು ಬಂತು.

ಸ್ನೇಹಾ ಬ್ಯಾಂಕಿನಿಂದ ಬರುವ ಹೊತ್ತಾಗಿತ್ತು. ಅವಳ ತಂಗಿಯ ಉಡುಗೊರೆ. ನಾಳೆಯ ಕಾರ್ಯ. ನಾನು ಬಹಳ ಬುದ್ಧಿ ಉಪಯೋಗಿಸಿ ಆ ಪಾತ್ರೆಯನ್ನು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟು ಮೇಲೆ ಅರಿವೆ ಹೊದಿಸಿದೆ. ನೆಟ್ಟಗೆ ನಿಂತ ಸೌಟಿನ ಮೇಲೆ ಅರಿವೆ ಹೊದಿಸಿದರೆ ಹೇಗೆ ಕಾಣುತ್ತದೆ ಎಂದು ನೀವೇ ಊಹಿಸಿ. ಮೂಲೆಯಲ್ಲಿ ಯಾರೋ ಮುಸುಕು ಹಾಕಿಕೊಂಡು ಕುಳಿತ ಹಾಗಿತ್ತು.

ಸ್ನೇಹಾ ನೀರು ಕುಡಿಯಲು ಬಂದವಳು ಅಲ್ಲೇ ನಿಂತಳು. "ಅತ್ಯಾರ, ಯಾರು ಬಂದಾರ ನಮ್ಮನಿಗೆ?"

ಅವಳು ಅರಿವೆ ತೆಗೆದಳು. ಸೌಟು ಹಿಡಿದಳು. ಎತ್ತಿದಳು. ಬೈಯುತ್ತಾಳೆಂದು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಅವಳು ಪಾತ್ರೆಯನ್ನು ಕೆಳಗಿಟ್ಟು, ತಾನೂ ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇಂಥ ಸೊಸೆಯನ್ನು ಪಡೆಯಲು ನಾನು ಏನು ಪುಣ್ಯ ಮಾಡಿದ್ದೆನೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಮಾಡಿದ್ದಂತೂ ಅಲ್ಲ.

"ಪ್ಯಾಟ್ಯಾಗಿಂದನ ತರೂಣ ಬಿಡವಾ" ಎಂದೆ.

"ಯಾಕ ತರೂದು? ನಿಮ್ಮ ಕೈದ ಬೇಕು ನನಗ" ಎಂದಳು ಸ್ನೇಹಾ.

ಆಮೇಲೆ ನಿಮ್ಮಪ್ಪ ಬಂದ. ಪಾತ್ರೆಯನ್ನು ಎರಡೂ ಪಾದಗಳ ನಡುವೆ ಹಿಡಿದು ಸೌಟನ್ನು ಜಗ್ಗಿದ. ಸೌಟು ಬಗ್ಗಿತು, ಬರಲಿಲ್ಲ. "ಅವ್ವಾ, ಮಿರಜದ ದವಾಖಾನ್ಯಾಗ ಮುರದ ಕಾಲಿಗೆ ಇಷ್ಟ ಗಟ್ಟಿ ಪ್ಲಾಸ್ಟರ್ ಹಾಕೂದಿಲ್ಲ ನೋಡು" ಎಂದ. ಕೊನೆಗೆ ಸ್ನೇಹಾಳೇ ಪಾತ್ರೆಯನ್ನು ಆ ಕರೆಂಟಿನ ಡಬ್ಬಿಯೊಳಗೆ ಕೂರಿಸಿ, ಸಣ್ಣಗೆ ಬಿಸಿಯಾಗುವಂತೆ ಬಟನ್ ಒತ್ತಿ ಬಿಟ್ಟಳು. ಬೆಳಗಿನ ಹೊತ್ತಿಗೆ ಬೆಲ್ಲ ಮೆತ್ತಗಾಗಿ ಸೌಟು ತಾನಾಗಿಯೇ ಒರಗಿತ್ತು. ಆ ಯಂತ್ರ ಎರಡು ದಿನದಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಕೈಗೆ ತುಪ್ಪ ಹಚ್ಚಿಕೊಂಡು ನಾನು ಮತ್ತು ಸ್ನೇಹಾ ಸಣ್ಣ ಸಣ್ಣ ಉಂಡೆ ಕಟ್ಟಿದೆವು. ನೋಡಲು ಬಹಳ ಚಂದ. ಆರಿದ ಮೇಲೆ ಒಂದು ಉಂಡೆ ಕೈಜಾರಿ ಸ್ಟೀಲ್ ತಾಟಿನ ಮೇಲೆ ಬಿತ್ತು. ಠಣ್ ಎಂದಿತು.

ನಾವಿಬ್ಬರೂ ತನ್ವಿಯ ತಲೆಯ ಕಡೆ ನೋಡಿದೆವು. ಮೃದುವಾದ, ಇನ್ನೂ ಕೂದಲು ಸರಿಯಾಗಿ ಬಾರದ ತಲೆ.

"ಮೊದಲ ದೊಡ್ಡವರ ತಲೀ ಮ್ಯಾಲೆ ನೋಡೂಣ" ಎಂದಳು ಸ್ನೇಹಾ. ಪೇಪರು ಓದುತ್ತ ಕುಳಿತಿದ್ದ ನಿಮ್ಮಪ್ಪನ ತಲೆಯ ಮೇಲೆ ಮೆಲ್ಲಗೆ ಒಂದು ಬಿಟ್ಟಳು.

"ಆಯ್ಯಯ್ಯ! ಇದು ಬೋರನ್ಹಾಣ ಅಲ್ಲವಾ, ಕಲ್ಲ ತೂರಾಟ" ಎಂದು ಅವನು ತಲೆ ತಿಕ್ಕಿಕೊಂಡ.

ನನ್ನ ಆಸೆ ಅಲ್ಲಿಗೆ ಮುಗಿಯಿತು. ತನ್ವಿಯ ತಲೆಯ ಮೇಲೆ ನನ್ನದೇನೂ ಬೀಳುವಂತಿರಲಿಲ್ಲ. ನಾನು ಮುಖ ತಿರುಗಿಸಿಕೊಂಡು ತಾಟು ತೊಳೆಯತೊಡಗಿದೆ. ತೊಳೆದ ತಾಟನ್ನೇ ಮತ್ತೆ ತೊಳೆದೆ. ಸ್ನೇಹಾ ಅದನ್ನು ನೋಡಿದಳು.

"ಅತ್ಯಾರ, ತಲೀ ಮ್ಯಾಲೆ ಆಗೂದಿಲ್ಲ, ಖರೆ. ಬಂದವರ ಕೈಯಾಗ ಕೊಡೂಣಲಾ. ಆದರ ಕಡೀಬ್ಯಾಡ್ರಿ, ಚೀಪ್ರಿ ಅಂತ ಒಬ್ಬೊಬ್ಬರಿಗೂ ಹೇಳಬೇಕು. ಇಲ್ಲಂದರ ಹಲ್ಲ ಹೋಗತಾವು. ಯಾರು ಹೇಳತಾರ?"

"ನೀನ ಹೇಳವಾ."

"ನನಗ ತನ್ವಿ ಹಿಡಿಯೂದು ಐತಿ. ಮಾಡಿದವರು ನೀವು, ನೀವ ಹೇಳ್ರಿ. ಅಡಿಗೀಮನ್ಯಾಗ ಕುಂತು ಹೇಳಿದರ ಹೊರಗ ಕೇಳಸೂದಿಲ್ಲ ಮತ್ತ."

ಹೀಗೆ ನಾನು ಹೊಸ ಸೀರೆ ಉಟ್ಟು, ಕೈಯಲ್ಲಿ ತಾಟು ಹಿಡಿದು, ಸಂಜೆ ಹಾಲ್‌ನಲ್ಲಿ ನಿಂತೆ. ತಿಳಗೂಳ ಕೊಡುವುದು ಕಾರ್ಯವೆಲ್ಲ ಮುಗಿದ ಮೇಲೆ. ಅದು ಪದ್ಧತಿ. ಆದರೆ ಜನ ನೋಡಿ ನನಗೆ ಯಾವುದು ಮೊದಲು ಯಾವುದು ಆಮೇಲೆ ಎಂಬುದೆಲ್ಲ ಮರೆತುಹೋಯಿತು. ಬಾಗಿಲು ದಾಟಿ ಬಂದವರಿಗೆಲ್ಲ ಬಂದ ಕೂಡಲೇ ಕೊಟ್ಟುಬಿಟ್ಟೆ. ಕನ್ನಡದವರಿಗೆ "ಕಡೀಬ್ಯಾಡ್ರಿ, ಚೀಪ್ರಿ" ಎಂದೆ. ಮರಾಠಿಯವರಿಗೆ "ಚಾವೂ ನಕಾ, ಚೋಖಾ" ಎಂದೆ. ಎಲ್ಲರೂ ತಲೆ ಆಡಿಸಿದರು. ತಲೆ ಆಡಿಸಿ ಕಡಿದರು. ಮೊದಲು ಕಡಿದವರು ಇಂದುತಾಯಿ.

ಆಗ ಗೊತ್ತಾಯಿತು, ನನ್ನ ತಿಳಗೂಳ ಹೊರಗೆ ಮಾತ್ರ ಕಲ್ಲು. ಬಾಯಿಯ ಬಿಸಿಗೆ ಅದು ಅಂಟು. ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಕೂಡಿಸಿ ಹಿಡಿಯಿತು, ಬಿಡಲಿಲ್ಲ. ತಿಳಗೂಳ ತಿಂದು ಸಿಹಿಯಾಗಿ ಮಾತಾಡಿ ಎಂದು ಹರಸುವ ಹಬ್ಬದಲ್ಲಿ ನಮ್ಮ ಹಾಲ್ ತುಂಬ ಕುಳಿತ ಹೆಂಗಸರಲ್ಲಿ ಒಬ್ಬರೂ ಮಾತಾಡದಂತಾಯಿತು. ನಮ್ಮ ವಿಶ್ರಾಮಬಾಗ ಬಡಾವಣೆಯಲ್ಲಿ ಇಷ್ಟು ಶಾಂತವಾದ ಕಾರ್ಯ ಹಿಂದೆ ನಡೆದಿರಲಿಕ್ಕಿಲ್ಲ. ಎಲ್ಲರೂ ದವಡೆ ತಿರುಗಿಸುತ್ತ, ಕಣ್ಣಿನಿಂದಲೇ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಸ್ನೇಹಾ ತನ್ವಿಯನ್ನು ಮಣೆಯ ಮೇಲೆ ಕೂರಿಸಿದಳು. ಎರೆಯುವಾಗ ಹಾಡು ಹೇಳಬೇಕು. ಹಾಡಬೇಕಾದವರು ಇಂದುತಾಯಿ. ಅವರು ಎರಡೂ ಕೈ ಗದ್ದಕ್ಕೆ ಹಚ್ಚಿಕೊಂಡು "ಉಂ, ಉಂ" ಎಂದರು. ಸ್ನೇಹಾ ಅವರ ಪಕ್ಕದವರನ್ನು ನೋಡಿದಳು. ಉಂ. ಅವರ ಪಕ್ಕದವರನ್ನು ನೋಡಿದಳು. ಅವರು ಕಣ್ಣು ಮುಚ್ಚಿಕೊಂಡರು. ಇಡೀ ಹಾಲ್‌ನಲ್ಲಿ ತಿಳಗೂಳ ತಿನ್ನದೆ ಉಳಿದ ದೊಡ್ಡವರು ಇಬ್ಬರೇ. ಮಾಡಿದ ನಾನು, ಠಣ್ ಎಂದದ್ದನ್ನು ಕೇಳಿದ ಸ್ನೇಹಾ.

ಸ್ನೇಹಾ ಚುರಮರಿ, ಬೋರೆಹಣ್ಣು ತುಂಬಿದ ವಾಟಿಯನ್ನು ನನ್ನ ಕೈಗೆ ಕೊಟ್ಟಳು.

"ಅತ್ಯಾರ, ನೀವ ಹಾಡ್ರಿ. ನೀವ ಎರೀರಿ."

"ಏ, ಬ್ಯಾಡವಾ. ನಾ ಹೆಂಗ..." ಎಂದು ಸಣ್ಣ ದನಿಯಲ್ಲಿ ಅಂದೆ. "ಮಂದಿ ಏನಂತಾರ?"

"ಏನೂ ಅನ್ನೂದಿಲ್ರಿ" ಎಂದಳು ಅವಳು. "ಕೇಳಿ ನೋಡ್ರಿ."

ಸುತ್ತ ನೋಡಿದೆ. ನಿಜವಾಗಿಯೂ ಯಾರೂ ಏನೂ ಅನ್ನಲಿಲ್ಲ. ಇಂದುತಾಯಿ ಗದ್ದದಿಂದ ಒಂದು ಕೈ ತೆಗೆದು, ಎರೆಯಿರಿ ಎಂದು ಸನ್ನೆ ಮಾಡಿದರು.

ತನ್ವಿ, ನಾನು ವಾಟಿಯಿಂದ ಬೊಗಸೆಗೆ ತೆಗೆದುಕೊಂಡು ನಿನ್ನ ತಲೆಯ ಮೇಲೆ ಎರೆದೆ. ನೀನು ಮೇಲೆ ನೋಡಿ ನಕ್ಕೆ, ಒಂದು ಬೋರೆಹಣ್ಣು ನಿನ್ನ ಮೂಗಿನ ಮೇಲೆ ಬಿತ್ತು, ಮತ್ತೂ ನಕ್ಕೆ. ಎಳ್ಳಿಗೂ, ಬೆಲ್ಲಕ್ಕೂ, ಸೌಟಿಗೂ, ನಿಮ್ಮ ತಾಯಿಗೂ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ನಮ್ಮವ್ವ ಆರಗದಲ್ಲಿ ಹಾಡುತ್ತಿದ್ದ ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಜೋರು ದನಿಯಲ್ಲಿ, ಅಷ್ಟು ಜನರ ಮುಂದೆ ಕನ್ನಡದಲ್ಲಿ ಹಾಡಿದೆ. ನಡುವೆ ಒಂದು ನುಡಿ ಮರೆತು ಮೊದಲಿನ ನುಡಿಯನ್ನೇ ಎರಡು ಸಲ ಹಾಡಿದೆ.

ನಾನು ಚೆನ್ನಾಗಿ ಹಾಡಿದೆ ಎಂದೇ ಇಂದಿಗೂ ನಂಬಿದ್ದೇನೆ. ಅಲ್ಲಿದ್ದ ಯಾರೂ ಚೆನ್ನಾಗಿರಲಿಲ್ಲ ಎಂದು ಹೇಳಲಿಲ್ಲ. ಹೇಳಬೇಕಾದರೆ ಅವರ ಬಾಯಿ ಬಿಡಬೇಕಿತ್ತು.