ಕಾಲು ತಾಗಿಸಬಾರದ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಸಂಪತ್ ಕುಮಾರ ಮೂರನೆಯ ಕೊಡವನ್ನು ಹಂಡೆಗೆ ಸುರಿದು, ನಾಲ್ಕನೆಯದನ್ನು ನಲ್ಲಿಯ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡುತ್ತಿದ್ದಾಗ ಬೀದಿಯಲ್ಲಿ ಯಾರೋ ಅವನ ಹೆಸರು ಕೂಗಿದರು. ಬೊಂಬಾಯಿಯಿಂದ ರೈಲಿನಲ್ಲಿ ಬಂದವರೊಬ್ಬರು ಅವನ ಒದ್ದೆ ಕೈಯಲ್ಲಿ ಒಂದು ಪೊಟ್ಟಣ ಇಟ್ಟು, ‘ನಿಮ್ಮ ಭಾವಮೈದ ಅನಂತರಾಮು ಕಳಿಸಿದ್ದು’ ಎಂದು ಹೇಳಿ, ಕಾಫಿಗೂ ನಿಲ್ಲದೆ ಹೋದರು. ಪೊಟ್ಟಣ ಬಿಚ್ಚುವ ಆತುರದಲ್ಲಿ ಸಂಪತ್ ನಲ್ಲಿಯನ್ನು ಮರೆತ. ಕೊಡ ತುಂಬಿ ಹರಿದ ನೀರು ಪಕ್ಕದ ಮನೆಯ ಮಂಗಳಮ್ಮನ ರಂಗೋಲಿಯನ್ನು ಅಳಿಸಿಕೊಂಡು ಚರಂಡಿ ಸೇರಿತು.

ಪೊಟ್ಟಣದಲ್ಲಿ ಇದ್ದದ್ದು ಅರ್ಧ ಇಟ್ಟಿಗೆಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಮೇಲೆ ಮೂರು ತಿರುಪು, ಮುಂದೆ ಒಂದು ಗುಂಡಿ. ಜೊತೆಗೆ ಚೀಟಿ: ‘ಭಾವ, ಇದು ಬೇಸ್ ಗಿಟಾರಿಗೆ ಹಾಕುವ ಸಿಂಥಸೈಸರ್ ಪೆಡಲ್. ಹಡಗಿನವರೊಬ್ಬರಿಂದ ಸಿಕ್ಕಿತು. ಒಂದು ಕಡೆ ಗಿಟಾರಿನ ವೈರು, ಇನ್ನೊಂದು ಕಡೆ ಆಂಪ್ಲಿಫೈಯರಿನ ವೈರು. ಗುಂಡಿಯನ್ನು ಕಾಲಿನಿಂದ ಒತ್ತಬೇಕು. ಒಮ್ಮೆ ಒತ್ತಿದರೆ ಹೊಸ ಧ್ವನಿ, ಮತ್ತೆ ಒತ್ತಿದರೆ ಹಳೆಯದು. ಇನ್ನು ನಿಮ್ಮ ಗಿಟಾರು ಕೇಳಿಸುವುದಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ.’

ಹಾಗೆ ಅಂದಿದ್ದವನು ಆರ್ಕೆಸ್ಟ್ರಾದ ಯಜಮಾನ ಪುಟ್ಟರಾಜು. ಸಂಪತ್ ವಾರದ ಆರು ದಿನ ಮಂಡ್ಯದ ಹೈಸ್ಕೂಲಿನಲ್ಲಿ ಗುಮಾಸ್ತ, ಭಾನುವಾರ ಮಾತ್ರ ಪುಟ್ಟರಾಜುವಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು. ಆ ಒಂದು ದಿನಕ್ಕಾಗಿಯೇ ಅವನು ಉಳಿದ ಆರು ದಿನಗಳನ್ನು ಸಹಿಸುತ್ತಿದ್ದ. ಆದರೆ ಹೋದ ವಾರ ಪುಟ್ಟರಾಜು ಕೇಳಿಯೇ ಬಿಟ್ಟಿದ್ದ: “ನೀನು ಬಾರಿಸೋದು ಯಾರ್‌ಗ್ಲಾ ಕೇಳುಸ್ತದೆ?”

“ಬೇಸ್ ಇದ್ದಾಗ ಗೊತ್ತಾಗಲ್ಲ ಕಣೋ. ಇಲ್ಲದಾಗ ಗೊತ್ತಾಗುತ್ತೆ,” ಎಂದಿದ್ದ ಸಂಪತ್.

“ಅಂಗಾರೆ ಇಲ್ದೇನೇ ಒಂದ್ಸಲ ನೋಡಾಣ ಬುಡು. ಭಾನುವಾರ ಮದ್ದೂರಲ್ಲಿ ಆರತಕ್ಷತೆ ಅದೆ. ಅಲ್ಲಿ ಜನ ನಿನ್ ಕಡೆ ತಿರುಗಿ ನೋಡುದ್ರೆ ಸರಿ. ಇಲ್ದಿದ್ರೆ ಮುಂದಿನ ವಾರ ಮಳವಳ್ಳಿಗೆ ಬೊಂಗೊ ಬಾರಿಸೋನ್ನ ಕರ್ಕೊಂಡೋಯ್ತೀನಿ.”

ಆ ಭಾನುವಾರವೇ ಇದು.

ಪೆಟ್ಟಿಗೆಗೆ ಬೇಕಾದ ಪುಟ್ಟ ಬ್ಯಾಟರಿಯನ್ನು ಎದುರುಮನೆಯ ಜವರಯ್ಯ ತನ್ನ ಜೇಬಿನ ರೇಡಿಯೋದಿಂದ ಕಿತ್ತುಕೊಟ್ಟ. ಶಿವನಸಮುದ್ರದ ವಿದ್ಯುತ್ ಸ್ಥಾವರದಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ವೈರು ಇರುವ ಯಾವ ವಸ್ತುವನ್ನೂ ಬೇರೆಯವರ ಕೈಗೆ ಬಿಟ್ಟು ಹೋಗುವ ಪೈಕಿಯವನಲ್ಲ. ಬ್ಯಾಟರಿಯ ಜೊತೆಗೆ ತಾನೂ ಬಂದು ಜಗಲಿಯ ಮೇಲೆ ಕೂತ.

ಸಂಪತ್ ದಪ್ಪ ತಂತಿಯನ್ನು ಮೀಟಿ ಗುಂಡಿ ಒತ್ತಿದ. ಮೊದಲ ತಿರುಪು ತಿರುಗಿಸಿದಾಗ ಕೆಸರಿನಿಂದ ಎಮ್ಮೆ ಕಾಲು ಕಿತ್ತ ಹಾಗಾಯಿತು. ಎರಡನೆಯದಕ್ಕೆ ಬಚ್ಚಲಿನ ನೀರು ಕೊನೆಯ ಗುಟುಕು ಇಳಿದ ಹಾಗೆ. ಮೂರನೆಯದಕ್ಕೆ ಕೋಣೆಯ ಲೋಟಗಳೆಲ್ಲ ಗಡಗಡ ಎಂದವು, ಅಟ್ಟದಿಂದ ಒಂದು ಜರಡಿ ಕೆಳಗೆ ಬಿತ್ತು. ಒಲೆಯ ಮುಂದಿದ್ದ ಹೆಂಡತಿ ಕನಕಲಕ್ಷ್ಮಿ ಸೌಟು ಹಿಡಿದುಕೊಂಡೇ ಬಂದಳು. “ಚೆನ್ನಾಗಿದೆ ರೀ. ನಿಮ್ಮ ಗಿಟಾರಿಗೂ ಒಂದು ಗಂಟಲು ಬಂತು,” ಎಂದಳು. ಮಗಳು ಯದುಗಿರಿ, ಏಳು ವರ್ಷದವಳು, ಎರಡೂ ಕಿವಿ ಮುಚ್ಚಿಕೊಂಡು ಸಂತೋಷದಿಂದ ನಕ್ಕಳು.

ಅಷ್ಟರಲ್ಲಿ ಮಂಗಳಮ್ಮ ಹಿತ್ತಲ ಬಾಗಿಲಿನಿಂದ ಒಂದು ಲೋಟ ಹಿಡಿದು ಬಂದಳು. “ರಂಗೋಲಿ ಅಳಿಸಿದ್ದ ಕೇಳಾಣ ಅಂತ ಹೊಂಟೆ. ನಿಮ್ಮ ಯಜಮಾನ್ರ ಹೊಟ್ಟೆ ಸದ್ದ ಕೇಳಿ ಜಗಳ ಬ್ಯಾಡ ಅನ್ನುಸ್ತು ಕಣಮ್ಮ. ಓಮದ ಕಷಾಯ. ಬಿಸಿಬಿಸೀಲೇ ಕುಡೀರಿ ಸಾಮಿ.”

ವಿವರಿಸುವುದಕ್ಕಿಂತ ಕುಡಿಯುವುದೇ ಸುಲಭ ಎನಿಸಿ ಸಂಪತ್ ಕುಡಿದ.

ನಿಜವಾದ ತೊಂದರೆ ಶುರುವಾದದ್ದು ಸೋದರತ್ತೆ ಗೋದಮ್ಮ ಪೂಜೆ ಮುಗಿಸಿ ಹೊರಗೆ ಬಂದಾಗ. ಶಬ್ದದ ಬಗ್ಗೆ ಅವರಿಗೆ ತಕರಾರಿರಲಿಲ್ಲ, ಕಿವಿ ಸ್ವಲ್ಪ ಮಂದ. ಕಣ್ಣು ಮಾತ್ರ ಚುರುಕು.

“ಏನೋ ಅದು ಕಾಲಡಿಯಲ್ಲಿ?”

“ಪೆಡಲ್ ಅತ್ತೆ. ಕಾಲಲ್ಲೇ ಒತ್ತೋದು.”

“ಗಿಟಾರಿಗೆ ಸೇರಿದ್ದೋ, ಅಲ್ವೋ?”

“ಸೇರಿದ್ದೇ.”

“ಗಿಟಾರು ವಾದ್ಯವೋ, ಅಲ್ವೋ?”

“ವಾದ್ಯವೇ ಅತ್ತೆ.”

“ಆಯುಧಪೂಜೆ ದಿನ ಅದಕ್ಕೆ ಹೂವು ಏರಿಸಿದೋರು ಯಾರು?”

“ನಾನೇ.”

“ಹಾಗಾದ್ರೆ ಕಾಲು ತೆಗಿ.”

ಪುಸ್ತಕಕ್ಕೋ ವಾದ್ಯಕ್ಕೋ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಸಂಪತ್‌ಗೆ ಚಿಕ್ಕಂದಿನಲ್ಲಿ ಕಲಿಸಿದವರೇ ಗೋದಮ್ಮ. ಅವನು ಆ ದಾರಿಯನ್ನೂ ನೋಡಿದ. ಕಾಲಲ್ಲಿ ಒತ್ತುವುದು, ಬಗ್ಗುವುದು, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಎದ್ದು ಮತ್ತೆ ಬಾರಿಸುವುದು. ಒಂದು ಹಾಡಿನಲ್ಲಿ ಹನ್ನೆರಡು ಸಲ ಹೀಗೆ ಬಗ್ಗಿ ಎದ್ದ ಮೇಲೆ ಹಾಡು ಮುಗಿದಿತ್ತು, ಅವನು ಇನ್ನೂ ಪಲ್ಲವಿಯಲ್ಲಿದ್ದ. ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು ಮೊಣಕೈಯಿಂದ ಒತ್ತಿದ. ಗಿಟಾರಿನ ಕುತ್ತಿಗೆ ಜವರಯ್ಯನ ಮೂಗಿಗೆ ಬಡಿಯಿತು.

ಜವರಯ್ಯ ಮೂಗು ಸವರಿಕೊಂಡು ತೀರ್ಪು ಕೊಟ್ಟ: “ಅಮ್ಮೋರು ಯೋಳೋದೇ ಸರಿ. ಮೂವತ್ತು ವರ್ಸ ಕರೆಂಟಲ್ಲಿ ಕೆಲ್ಸ ಮಾಡಿವ್ನಿ. ಒಂದು ದಿನಾನೂ ಸ್ವಿಚ್ಚಿನ ಮೇಲೆ ಕಾಲು ಮಡಗಿಲ್ಲ.”

“ಅತ್ತೇನೇ ಕರ್ಕೊಂಡು ಹೋಗಿ, ಅವರೇ ಕೈಯಲ್ಲಿ ಒತ್ತಲಿ,” ಎಂದಳು ಕನಕಲಕ್ಷ್ಮಿ. ಸಾರಿಗೆ ಒಗ್ಗರಣೆ ಹಾಕುತ್ತ ತಮಾಷೆಗೆ ಅಂದ ಮಾತು. ಆದರೆ ಗೋದಮ್ಮ ಆಗಲೇ ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ಜರಿಯಂಚಿನ ಸೀರೆ ಹುಡುಕಲು ಒಳಗೆ ಹೋಗಿದ್ದರು. ಹಚ್ಚಿದ ಕುಂಕುಮ ಮೂರನೆಯ ತಿರುಪಿನ ಸಂದಿಗೆ ಇಳಿದು, ಲೋಟ ನಡುಗಿಸಿದ ಜಾಗದಲ್ಲೇ ತಿರುಪು ಕಚ್ಚಿಕೊಂಡುಬಿಟ್ಟಿತು. ಯದುಗಿರಿ ಅಜ್ಜಿಯನ್ನು ಬಿಟ್ಟಿರುವವಳಲ್ಲ, ಅವಳೂ ಹೊರಟಳು.

ಆರ್ಕೆಸ್ಟ್ರಾದ ವ್ಯಾನಿನಲ್ಲಿ ಮೂವರಿಗೆ ಜಾಗವಿಲ್ಲದೆ ಅವರು ಮಧ್ಯಾಹ್ನದ ರೈಲಿನಲ್ಲಿ ಮದ್ದೂರಿಗೆ ಬಂದಿಳಿದಾಗ ಛತ್ರದ ವೇದಿಕೆಯ ಮೇಲೆ ಪುಟ್ಟರಾಜು ತನ್ನ ಆರ್ಗನ್ನಿನ ಮುಂದೆ ನಿಂತಿದ್ದ.

“ಇದ್ಯಾಕ್ಲಾ ಸಂಪತ್ತು? ಆರ್ಕೆಸ್ಟ್ರಾಕ್ಕೆ ಅಜ್ಜೀನ ಕರ್ಕೊಂಡ್ ಬಂದಿದ್ದೀಯೆ!”

“ಸ್ವಿಚ್ಚು ಒತ್ತೋಕೆ,” ಎಂದ ಸಂಪತ್. ಇನ್ನೇನು ಹೇಳಿದರೂ ಇದಕ್ಕಿಂತ ಕೆಟ್ಟದಾಗಿ ಕೇಳಿಸುತ್ತಿತ್ತು.

ಗೋದಮ್ಮ ಕುರ್ಚಿ ಒಲ್ಲೆನೆಂದು ಮಣೆ ಹಾಕಿಸಿಕೊಂಡು, ಪೆಟ್ಟಿಗೆಯನ್ನು ಮುಂದಿಟ್ಟು ಕೂತರು. ತಾನು ತಲೆಯಾಡಿಸಿದಾಗ ಒತ್ತಬೇಕೆಂದು ಸಂಪತ್ ಹೇಳಿಕೊಟ್ಟಿದ್ದ. ಆದರೆ ಹಾಡು ಶುರುವಾದ ಮೇಲೆ ಅವನ ತಲೆ ತಾಳಕ್ಕೆ ತಾನಾಗಿ ಆಡುತ್ತಲೇ ಇತ್ತು. ಗೋದಮ್ಮ ಎರಡು ಸಲ ನೋಡಿ, “ನಿನ್ನ ತಲೆ ನಂಬೋಕಾಗಲ್ಲ,” ಎಂದು ಕೈಕಟ್ಟಿ ಕೂತುಬಿಟ್ಟರು. ಮೂರು ಹಾಡು ಮುಗಿದವು. ಯಾರೊಬ್ಬರೂ ಅವನ ಕಡೆ ತಿರುಗಲಿಲ್ಲ. ಪುಟ್ಟರಾಜು ಮಾತ್ರ ಆಗಾಗ ತಿರುಗಿ ನೋಡುತ್ತಿದ್ದ, ಕಟುಕ ಕುರಿಯನ್ನು ನೋಡುವ ಹಾಗೆ.

ನಾಲ್ಕನೆಯ ಹಾಡಿನ ನಡುವೆ ಗಂಡು ಹೆಣ್ಣು ಹಾರ ಬದಲಾಯಿಸಲು ಎದ್ದು ನಿಂತರು. ಹುಡುಗ ಹಾರ ಎತ್ತಿದ. ಸರಿಯಾಗಿ ಅದೇ ಕ್ಷಣಕ್ಕೆ ಮುಂದಿನ ಸಾಲಿನಲ್ಲಿದ್ದ ಹುಡುಗನ ತಾತ ಕೆಂಪಸಿದ್ದಯ್ಯ ಒಂದು ಚಿಟಿಕೆ ನಸ್ಯ ಏರಿಸಿ, ಮೂಗು ಮೇಲೆತ್ತಿ ಬಾಯಿ ತೆರೆದರು.

ಶುಭಕಾರ್ಯದ ನಡುವೆ ಸೀನು! ಹುಡುಗಿಯ ತಾಯಿಯ ಮುಖ ಬಿಳಿಚಿತು. ಓಲಗದವರು ಆಗ ಊಟದ ಮನೆಯಲ್ಲಿದ್ದರು. ಎಪ್ಪತ್ತು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಮದುವೆ ನೋಡಿದ್ದ ಗೋದಮ್ಮ ಮಾತ್ರ ಕಾಯಲಿಲ್ಲ. ಕೈ ಮೇಲೆತ್ತಿ, “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿ ಅಂಗೈಯಿಂದ ಗುಂಡಿಯನ್ನು ಒತ್ತಿದರು. ಗಾಬರಿಯಲ್ಲಿ ಸಂಪತ್‌ನ ಕೈ ದಪ್ಪ ತಂತಿಯ ಮೇಲೆ ಬಿತ್ತು.

ಗ್ವಾಂ‌‌ವ್ ಎಂದು ಎದ್ದ ಸದ್ದಿಗೆ ಛತ್ರದ ಹಂಚುಗಳು ಅದುರಿದವು. ಕೆಂಪಸಿದ್ದಯ್ಯನ ಸೀನು ಅದರಲ್ಲಿ ಎಲ್ಲಿ ಮುಳುಗಿತೋ ಅವರಿಗೇ ತಿಳಿಯಲಿಲ್ಲ. ಆಮೇಲೆ ಇಡೀ ಛತ್ರ ಚಪ್ಪಾಳೆ ತಟ್ಟಿತು.

ನಸ್ಯದವರ ಸೀನು ಒಂದಕ್ಕೆ ನಿಲ್ಲುವುದಿಲ್ಲ. ಹಾರ ಬದಲಾಯಿಸುವಾಗ ಮೂರು, ಉಂಗುರಕ್ಕೆ ಎರಡು, ಫೋಟೋ ಹಿಡಿಯುವಾಗ ನಾಲ್ಕು. ಗೋದಮ್ಮ ಕೆಂಪಸಿದ್ದಯ್ಯನ ಮೂಗಿನಿಂದ ಕಣ್ಣು ಕೀಳದೆ, ಸೀನು ಬಂದಾಗ ಒಮ್ಮೆ ಒತ್ತಿ, ಹೋದ ಮೇಲೆ ಮತ್ತೊಮ್ಮೆ ಒತ್ತಿ, ಒಂದನ್ನೂ ತಪ್ಪಿಸಲಿಲ್ಲ. ಸ್ವಲ್ಪ ಹೊತ್ತಿಗೆ ಜನ ಹಾಡನ್ನು ಬಿಟ್ಟು ಸೀನಿಗೆ ಕಾಯತೊಡಗಿದರು. ಯಾರೋ ಹೋಗಿ ತಾತನ ನಸ್ಯದ ಡಬ್ಬಿ ತುಂಬಿಸಿಕೊಂಡು ಬಂದರು. ಸಂಪತ್ ಬೆವರು ಹರಿಸಿ ಬಾರಿಸಿದ. ತನ್ನ ಜೀವಮಾನದಲ್ಲೇ ಅವನು ಅಂಥ ಚಪ್ಪಾಳೆ ಕೇಳಿರಲಿಲ್ಲ.

ಕಡೆಗೆ ಹುಡುಗನ ತಂದೆ ವೇದಿಕೆಗೆ ಬಂದು ಶಾಲು, ಹಾರ, ತೆಂಗಿನಕಾಯಿ ಎಲ್ಲವನ್ನೂ ಗೋದಮ್ಮನಿಗೆ ಕೊಟ್ಟು ಕಾಲಿಗೆ ಬಿದ್ದರು. ಸಂಪತ್ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವನಿಗೇನೂ ಬೇಸರವಾಗಲಿಲ್ಲ. ಮಳವಳ್ಳಿ ಗಟ್ಟಿಯಾಯಿತಲ್ಲ, ಅಷ್ಟು ಸಾಕು.

ಪುಟ್ಟರಾಜು ಬಂದವನೇ ಗೋದಮ್ಮನಿಗೆ ಕೈಮುಗಿದ. “ಅಮ್ಮೋರೇ, ಮುಂದಿನ ಭಾನುವಾರ ಮಳವಳ್ಳಿಗೆ ತಾವು ಬರ್ಲೇಬೇಕು. ಈಗ್ಲೇ ನಾಕು ಮದುವೆ ಮನೆಯೋರು ಕೇಳವ್ರೆ.”

“ಎಷ್ಟು ಗಂಟೆಗೆ ಹೊರಡೋದೋ?” ಎಂದ ಸಂಪತ್, ಗಿಟಾರಿಗೆ ಚೀಲ ಹಾಕುತ್ತ.

ಪುಟ್ಟರಾಜು ಅವನ ಹೆಗಲ ಮೇಲೆ ಕೈಯಿಟ್ಟ. “ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ಅಮ್ಮೋರು ಕೂತ್ರೆ ವ್ಯಾನಲ್ಲಿ ಜಾಗ ಇರಕಿಲ್ಲ. ಜನ ಪೆಟ್ಟಿಗೆ ಕೇಳುದ್ರು, ಅಮ್ಮೋರ್ನ ಕೇಳುದ್ರು. ಗಿಟಾರು ಅಂತ ಒಬ್ನಾರೂ ಬಾಯಿಬುಟ್ನಾ?”

“ಅದು ಗಿಟಾರಿನ ಸದ್ದೇ ಕಣೋ! ತಂತಿ ಮೀಟದೆ ಪೆಟ್ಟಿಗೆ ತಾನಾಗಿ ಏನೂ ಕೂಗಲ್ಲ.”

“ನನ್ ಆರ್ಗನ್ ವೈರ ಪೆಟ್ಟಿಗೆಗೆ ಸಿಗ್ಸಿದ್ದಕ್ಕೂ ಕೂಗ್ತು. ನೀನು ಪಾಯಸ ಕುಡೀತಿದ್ದಾಗ ನೋಡ್ದೆ.”

ಸಂಪತ್ ಕೊನೆಯ ಆಸೆಯಿಂದ ಅತ್ತೆಯ ಕಡೆ ತಿರುಗಿದ. “ಅತ್ತೆ, ಪೆಟ್ಟಿಗೆ ಅನಂತರಾಮು ಕಳಿಸಿದ್ದು ನನಗೆ.”

“ನಿನ್ನ ಕೈಗೆ ಕೊಟ್ಟರೆ ಮತ್ತೆ ಕಾಲಿಡ್ತೀಯ,” ಎಂದು ಗೋದಮ್ಮ ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ವ್ಯಾನಿನ ಮುಂದಿನ ಸೀಟಿನಲ್ಲಿ ಹಾರ ಸಮೇತ ಕೂತರು. ವ್ಯಾನು ಮಂಡ್ಯದ ಕಡೆ ಹೊರಟಿತು.

ಮದ್ದೂರಿನ ಬಸ್ ನಿಲ್ದಾಣದಲ್ಲಿ ಸಂಪತ್ ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಮಗಳ ಕೈ ಹಿಡಿದು ನಿಂತ. ಯದುಗಿರಿಯದು ಛತ್ರದಿಂದ ಇಲ್ಲಿಯವರೆಗೆ ಒಂದೇ ಕೆಲಸ. ಗಿಟಾರಿನ ಚೀಲವನ್ನು ನೋಡುವುದು, ಅಪ್ಪನ ಮುಖ ನೋಡುವುದು, ಬಾಯಿ ತೆರೆದು ಮತ್ತೆ ಮುಚ್ಚುವುದು, ಹೀಗೇ ನಡೆದಿತ್ತು. ಅಪ್ಪನಿಗೆ ಬೇಸರವಾದೀತೆಂದು ಅವಳಿಗೂ ಅನಿಸಿದ್ದಿರಬೇಕು.

ಬಸ್ಸು ಬರಲಿಲ್ಲ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಅಪ್ಪಾ, ಸದ್ದೆಲ್ಲಾ ಗೋದಜ್ಜೀನೇ ಮಾಡಿದ್ದಲ್ವಾ? ಮತ್ತೆ ಅಷ್ಟೊತ್ತೂ ನೀನು ಅಲ್ಲಿ ನಿಂತ್ಕೊಂಡು ಏನ್ ಮಾಡ್ತಾ ಇದ್ದೆ?”