ಗುರುಪಾದಪ್ಪನ ಮೆಟ್ಟಿಲ ಮೇಲೆ ಕೂತವರು

ಇಫೆಯೋಮಾಳ ತಾಯಿ ನೈಜೀರಿಯಾದಲ್ಲಿ ತೀರಿಕೊಂಡು ಇಪ್ಪತ್ಮೂರು ದಿನವಾಗಿತ್ತು. ಹೆಣ ಇನ್ನೂ ಶವಾಗಾರದಲ್ಲಿತ್ತು. ಅವಳ ರಜಾ ಅರ್ಜಿಯನ್ನು ಸೂಪರ್‌ವೈಸರ್ ಗುರುಪಾದಪ್ಪ ಮೂರನೆಯ ಸಲ ಹರಿದು ಕಸದ ಬುಟ್ಟಿಗೆ ಹಾಕಿದ. ಸಂಜೆ ಆ ಬುಟ್ಟಿಯನ್ನು ಖಾಲಿ ಮಾಡಿದವಳೂ ಅವಳೇ.

ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ಹಾಲು ತರಲೆಂದು ಗುರುಪಾದಪ್ಪ ಅಲ್ ಮನ್ಸೂರಾ ಬಡಾವಣೆಯ ತನ್ನ ಮೂರನೇ ಮಹಡಿಯ ಬಾಗಿಲು ತೆರೆದರೆ ಮೆಟ್ಟಿಲ ತುಂಬ ಹೆಂಗಸರು. ವೆಸ್ಟ್ ಬೇಯ ಕಚೇರಿ ಟವರ್ ಒರೆಸುವ ಏಳು ಜನ ನೈಜೀರಿಯಾದವರು, ನಡುವೆ ಇಫೆಯೋಮಾ. ಮನೆಯ ದಾರಿ ಅವರಿಗೆ ಗೊತ್ತಿತ್ತು. ದೀಪಾವಳಿಗೆ ಮನೆ ತೊಳೆಯಲು ಅವನೇ ಕರೆಸುತ್ತಿದ್ದ, ಪುಕ್ಕಟೆ.

ಅವನನ್ನು ಕಂಡದ್ದೇ ಹಾಡತೊಡಗಿದರು. ಗಟ್ಟಿಯಾಗಿ ಅಲ್ಲ, ಈ ಕೊಲ್ಲಿ ದೇಶದಲ್ಲಿ ಗುಂಪುಗೂಡಿ ಕೂಗಿದರೆ ಕೆಲಸ ಕಿತ್ತು ವಿಮಾನ ಹತ್ತಿಸುತ್ತಾರೆ. ಜೋಗುಳದಷ್ಟು ಮೆಲ್ಲಗೆ, ನಡುನಡುವೆ ಅವನ ಹೆಸರು.

"ಯಲ್ಲಾ, ಖಲಾಸ್! ನಡೀರಿ!" ಎಂದ. ಒಬ್ಬಳೂ ಅಲುಗಲಿಲ್ಲ.

ಎದುರು ಮನೆಯ ಕಜೆತಾನ್ ಹೊರಬಂದ. ಹನ್ನೆರಡು ವರ್ಷ ನೈಜೀರಿಯಾದ ಲಾಗೋಸ್ ಬಂದರಿನಲ್ಲಿ ದುಡಿದವನು.

"ಹಾಡಲ್ಲಿ ನಿಮ್ಮ ಹೆಸರು ಉಂಟಲ್ಲ! ಎಂತ, ಬರ್ತ್‌ಡೇಯಾ?"

"ಇವರ ಮಾತು ನಿಮಗ ತಿಳೀತದೇನ್ರಿ? ಏನಂತಾರ?"

ಕಜೆತಾನ್ ಕಿವಿಗೊಟ್ಟ. "ನಿಮ್ಮ ಹೊಟ್ಟೆಯ ಬಗ್ಗೆ."

"ಹೊಟ್ಟಿ?"

"ಅದು ಮೊದಲ ನುಡಿ. ಎರಡನೆಯದ್ದು ಬೇಡ ಮಾರಾಯ್ರೆ, ಇಲ್ಲಿ ಹೆಂಗಸರಿದ್ದಾರೆ."

"ಹಾಡಾವರೂ ಹೆಂಗಸರ ಅಲ್ಲೇನ್ರಿ!"

"ನೀವು ಎಂತ ಮಾಡಿದ್ರಿ? ಇದು ಅವರ ಊರಿನ ಕ್ರಮ. ಗಂಡಸು ತಪ್ಪು ಮಾಡಿದ್ರೆ ಹೆಂಗಸರೆಲ್ಲ ಬಂದು ಅವನ ಬಾಗಿಲಲ್ಲಿ ಕೂರುದು, ಅವ ತಪ್ಪು ಸರಿ ಮಾಡುವ ತನಕ ಹಾಡುದು. ಒಬ್ಬಳಿಗೆ ಆದದ್ದು ಎಲ್ಲರಿಗೂ ಆದ ಹಾಗೆ. ನಡುವೆ ಬೇರೆ ಗಂಡಸರು ಬಾಯಿ ಹಾಕ್ಲಿಕ್ಕಿಲ್ಲ." ಹಾಗೆಂದು ತನ್ನ ಬಾಗಿಲು ಮುಚ್ಚಿಕೊಂಡ. ಬಾಗಿಲ ಕಿಂಡಿ ಮಾತ್ರ ಇಣುಕುವ ಅವನ ಕಣ್ಣಿನಿಂದ ಕಪ್ಪಾಯಿತು.

ಕೆಳಮನೆಯ ಅಶ್ರಫ್ ಫೋನು ಹಿಡಿದೇ ಹತ್ತಿ ಬಂದ. "ಪೊಲೀಸರನ್ನು ಕರೆಯುವಾ?"

"ಬ್ಯಾಡ್ರಿ! ಕಂಪನಿಗೆ ಗೊತ್ತಾದ್ರ ನನ್ನ ರಜಾ ಹೋಗ್ತದ. ಇಬ್ಬರೂ ಒಮ್ಮೆ ಹೋಗಾಕ ಬರಂಗಿಲ್ಲ, ಅದಕ್ಕ ಆಕಿ ಅರ್ಜಿ ಹರದೀನಿ."

"ಅಂದ್ರೆ ಇವರು ಹಾಡುದು ಸರಿಯೇ ಉಂಟು," ಎಂದು ಅಶ್ರಫ್ ಫೋನನ್ನು ಜೇಬಿಗಿಳಿಸಿ ಹೊರಟುಹೋದ.

ಗುರುಪಾದಪ್ಪ ಇಫೆಯೋಮಾಳತ್ತ ತಿರುಗಿ ತನ್ನ ಹರಕು ಹಿಂದಿಯಲ್ಲಿ ಕೇಳಿದ: "ನಿನ್ನ ಲಗ್ನ ಆಗೇದ. ತವರಮನಿ ಮಣ್ಣಿಗೆ ನೀ ಯಾಕ ಬೇಕು? ಅಣ್ಣತಮ್ಮರು ಇಲ್ಲೇನು?"

ಅವಳೂ ಹಿಂದಿಯಲ್ಲೇ ಹೇಳಿದಳು: "ಅಣ್ಣಂದಿರು ಗುಂಡಿ ತೋಡುತ್ತಾರೆ, ಸಾರ್. ಹೆಣ್ಣುಮಕ್ಕಳು ಬಂದು ಹೂಂ ಅನ್ನದೆ ತಾಯಿಯನ್ನು ಅದರೊಳಗೆ ಇಳಿಸುವುದಿಲ್ಲ. ಎಲ್ಲಿಗೆ ಮದುವೆಯಾಗಿ ಹೋದರೂ ತವರುಮನೆಯಲ್ಲಿ ನಮ್ಮ ಮಾತಿಗೆ ತೂಕವಿದೆ. ಅವ್ವ ಕಾಯುತ್ತಿದ್ದಾಳೆ."

ಹಿಂದೆ, ಹೊಸ್ತಿಲ ಒಳಗೆ, ಅವನ ಹೆಂಡತಿ ಯಮನವ್ವ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಕೈಯ ಹಿಟ್ಟು ಒಣಗುತ್ತಿತ್ತು.

ಮಧ್ಯಾಹ್ನದ ನಮಾಜಿಗೆ ಇಡೀ ಕಟ್ಟಡ ಇಳಿಯಿತು, ಮತ್ತೆ ಹತ್ತಿತು. ಮಕ್ಕಳು ಲಿಫ್ಟಿನಲ್ಲಿ ಅವನ ಹೊಟ್ಟೆಯ ನುಡಿಯನ್ನು ಗುನುಗಿದರು. ಗುರುಪಾದಪ್ಪ ಬಾಗಿಲಲ್ಲಿ ಸಿಕ್ಕಿಕೊಂಡ ಸೋಫಾದಂತೆ ಒಳಗೂ ಹೋಗಲಾರ, ಹೊರಗೂ ಬರಲಾರ. ಹಾಲಿಲ್ಲ, ಚಹಾ ಇಲ್ಲ, ಬೆಳಗಿನ ರೊಟ್ಟಿಯೂ ಇಲ್ಲ. ಮೂರು ಗಂಟೆಗೆ ಕೈ ಚಾಚಿದ. ಇಫೆಯೋಮಾ ನಾಲ್ಕನೆಯ ಅರ್ಜಿ ಕೊಟ್ಟಳು. ಊರಿಗೆ ಹೋಗಲು ಇಟ್ಟುಕೊಂಡಿದ್ದ, ಈಗ ಕೈತಪ್ಪಿದ ತನ್ನ ಹತ್ತು ದಿನಗಳ ರಜೆಯನ್ನು ನೆನೆಯುತ್ತಾ ಗೋಡೆಗೆ ಒತ್ತಿ ಸಹಿ ಹಾಕಿದ.

ಹಾಡು ನಿಂತಿತು. ಥ್ಯಾಂಕ್ಸ್ ಎನ್ನದೆ, ತಿರುಗಿ ನೋಡದೆ ಅವರು ಇಳಿದುಹೋದರು.

"ಪೀಡಾ ಕಳೀತು. ಏ, ಕರೀ ಚಹಾನರ ಮಾಡ," ಎಂದು ತಿರುಗಿದರೆ ಹೊಸ್ತಿಲಲ್ಲಿ ಯಮನವ್ವ ಇರಲಿಲ್ಲ. ಇಫೆಯೋಮಾ ಎದ್ದ ಮೆಟ್ಟಿಲ ಮೇಲೆ ಅವಳು ಕೂತಿದ್ದಳು.

"ಅವರು ಹ್ವಾದ್ರು. ನೀ ಯಾಕ ಕುಂತಿ?"

"ನಮ್ಮವ್ವ ಸತ್ತಾಗ ನೀವು ಏನಂದ್ರಿ? ಕೊಟ್ಟ ಹೆಣ್ಣು ಕುಲಕ್ಕ ಹೊರಗ, ಹೋಗಿ ಏನ್ ಮಾಡ್ತಿ ಅಂದ್ರಿ. ಮಣ್ಣು ಕೊಡೂದು ಫೋನಿನ್ಯಾಗ ನೋಡೀನಿ. ನಡುವ ನೆಟ್ ಹೋತು."

"ಆರು ವರ್ಷ ಆತಲ್ಲ! ಈಗ ನಾ ಏನ್ ಮಾಡ್ಲಿ?"

ಸಹಿ ಹಾಕಲು ಅವನೆದುರು ಯಾವ ಕಾಗದವೂ ಇರಲಿಲ್ಲ. ಯಮನವ್ವ ಮೆಲ್ಲಗೆ, ಹುಬ್ಬಳ್ಳಿ ಕಡೆಯ ಯಾವುದೋ ಬೀಸುವ ಕಲ್ಲಿನ ಪದದ ಧಾಟಿ ಹಿಡಿದಳು. ಅದರಲ್ಲಿ ಅವನ ಹೆಸರಿತ್ತು.

"ಮಂದಿ ನೋಡಾಕತ್ತಾರ. ಏಳ, ಒಳಗ ಬಾ."

"ಏಳಂಗಿಲ್ಲ," ಎಂದಳು ಯಮನವ್ವ.